ಬದುಕುವುದೇ ಅನುಮಾನ ಎಂದಿದ್ದ ಮಗು 95 ವರ್ಷ ಬದುಕಿತು: ಬಿ.ಕೆ.ಎಸ್. ಅಯ್ಯಂಗಾರ್ ಕಥೆಯಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು?

ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬೆಳಕು ಹರಿಯುವ ಮುಂಚೆ ಎದ್ದು, ಕಾಲಿಗೆ ಶೂ ಏರಿಸಿ, ಶಬರಿಕೊಳ್ಳದ ಹಾದಿಯಲ್ಲಿ ವಾಕಿಂಗ್ ಹೊರಟಳು ಅಂದುಕೊಳ್ಳಿ. ಮನೆಗೆ ಮರಳುವಷ್ಟರಲ್ಲಿ ಏನೇನು ಮಾತು ಕಾದಿರುತ್ತವೆ ಎಂದು ಊಹಿಸಲು ಕಷ್ಟವಿಲ್ಲ. ಹೊಲದ ಕೆಲಸ ಸಾಲದ್ದಕ್ಕೆ ಇದೊಂದು ಬೇರೆ ಬೇಕಿತ್ತೇ ಎಂದು ಅತ್ತೆ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿಕ್ಕೆ ಎಂದು ಗಂಡ. ದಿನವಿಡೀ ಮಗ್ಗದ ಮುಂದೆ ಕೂತು ಸೊಂಟ ಹಿಡಿದುಕೊಂಡ ನೇಕಾರನೊಬ್ಬ ಚಾಪೆ ಹಾಸಿ ಆಸನಕ್ಕೆ ಕೂತರೆ ಅವನ ಗತಿಯೂ ಇದೇ. ನಿನ್ನದು ಹುಟ್ಟಾ ಬಿರುಸು ಮೈ, ಬಗ್ಗಲಿಕ್ಕಿಲ್ಲ ಬಿಡು ಎಂದು ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ.

ಮೋಜೆಂದರೆ, ಹೀಗೆ ತೀರ್ಪು ಕೊಡುವವರ ಫೋನಿನಲ್ಲೇ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಫೋಟೋ ಇರುವ ಫಾರ್ವರ್ಡ್ ಕೂಡ ಇರುತ್ತದೆ. ಬಿಳಿ ಕೂದಲು, ಪೊದೆ ಹುಬ್ಬು, ತಲೆ ಕೆಳಗೆ ಕಾಲು ಮೇಲೆ. ಅದರ ಕೆಳಗಿನ ಬರಹ ಸಾಮಾನ್ಯವಾಗಿ ಮೂರು ಮಾತು ಹೇಳುತ್ತದೆ: ಅವರು ಬಾಲ್ಯದಲ್ಲಿ ಸಾಯುವ ಸ್ಥಿತಿಯಲ್ಲಿದ್ದರು, ಯೋಗದಿಂದ ಕ್ಷಯ ವಾಸಿಯಾಯಿತು, ಆಮೇಲೆ ಕಾಯಿಲೆಯೇ ಸುಳಿಯಲಿಲ್ಲ. ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಅಪಾಯಕಾರಿ. ಮೂರನೆಯದು ತಪ್ಪು. ಆದರೆ ಫಾರ್ವರ್ಡ್‌ಗಳು ಬಿಟ್ಟುಬಿಡುವ ನಾಲ್ಕನೇ ಸಂಗತಿಯೊಂದಿದೆ. ಈ ಮನುಷ್ಯನನ್ನು ಮೊದಲು ಕೈಬಿಟ್ಟದ್ದು ಅವರ ಮನೆಯವರ ಮಾತೇ. ಹಾಗಾಗಿ ಅವರ ಬದುಕನ್ನು ಮೊದಲಿಂದ ನೋಡೋಣ.

ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಆ ವರ್ಷದ ಹೆಸರು ಕೇಳಿದರೆ ವೈದ್ಯರಿಗೆ ನೆನಪಾಗುವುದು ಇನ್‌ಫ್ಲುಯೆಂಜಾ. ಜಗತ್ತನ್ನೇ ಹಿಂಡಿದ ಆ ಜ್ವರಕ್ಕೆ ಭಾರತವೊಂದರಲ್ಲೇ ಕೋಟಿಗೂ ಹೆಚ್ಚು ಜನ ಬಲಿಯಾದರು ಎಂಬ ಅಂದಾಜಿದೆ. ಬೆಳ್ಳೂರಿಗೂ ಜ್ವರ ಬಂದಿತ್ತು, ಬಸುರಿಯಾಗಿದ್ದ ತಾಯಿ ಶೇಷಮ್ಮನವರಿಗೂ ತಗುಲಿತ್ತು. ತಂದೆ ಕೃಷ್ಣಮಾಚಾರ್ ಶಾಲಾ ಮೇಷ್ಟ್ರು. 13 ಮಕ್ಕಳಲ್ಲಿ ಇವರು 11ನೆಯವರು.

ಹುಟ್ಟಿದ ಮಗು ಬದುಕುವ ಭರವಸೆ ಯಾರಿಗೂ ಇರಲಿಲ್ಲ. ಕಡ್ಡಿಯಂಥ ಕೈಕಾಲು, ಮುಂದೆ ಬಂದ ಹೊಟ್ಟೆ, ಮೈಗೆ ಹೊಂದದಷ್ಟು ದೊಡ್ಡ ತಲೆ. ಆ ತಲೆಯನ್ನು ಎತ್ತಿ ಹಿಡಿಯುವುದೇ ಹುಡುಗನಿಗೆ ಕಷ್ಟ, ಅದು ಸದಾ ಮುಂದಕ್ಕೆ ಜೋತುಬೀಳುತ್ತಿತ್ತು. ಒಡಹುಟ್ಟಿದವರು ಅದನ್ನೇ ಹಿಡಿದು ಗೇಲಿ ಮಾಡುತ್ತಿದ್ದರು. ಬೆಳೆದು ಜಗತ್ತೆಲ್ಲ ಸುತ್ತಿದ ಮೇಲೂ ಅಯ್ಯಂಗಾರ್ ತಮ್ಮ ಬಾಲ್ಯದ ಬಗ್ಗೆ ಬರೆಯುವಾಗ ಈ ಗೇಲಿಯನ್ನು ಮರೆತಿರಲಿಲ್ಲ. ಮನೆಯ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ ಅನ್ನಿಸುತ್ತದೆ ನಮಗೆ.

ಐದನೇ ವಯಸ್ಸಿಗೆ ಕುಟುಂಬ ಬೆಂಗಳೂರಿಗೆ ಬಂತು. ಒಂಬತ್ತನೇ ವಯಸ್ಸಿಗೆ ತಂದೆ ಅಪೆಂಡಿಸೈಟಿಸ್‌ನಿಂದ ತೀರಿಕೊಂಡರು. ಹೊಟ್ಟೆಗೆ ಸರಿಯಾದ ಅನ್ನವಿಲ್ಲ, ಅದರ ಮೇಲೆ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೊಂದು. ಶಾಲೆಗೆ ಹೋದದ್ದಕ್ಕಿಂತ ಹಾಸಿಗೆ ಹಿಡಿದದ್ದೇ ಹೆಚ್ಚು ಎನ್ನುವಂಥ ಬಾಲ್ಯ ಅದು.

ಇಲ್ಲಿ ಕಥೆಗೆ ಭಾವ ಬರುತ್ತಾರೆ. ಅಕ್ಕ ನಾಮಗಿರಿಯಮ್ಮನ ಗಂಡ ತಿರುಮಲೈ ಕೃಷ್ಣಮಾಚಾರ್ಯರು. ತಂದೆಯ ಹೆಸರೂ ಹೆಚ್ಚುಕಡಿಮೆ ಅದೇ ಆದ್ದರಿಂದ ಅನೇಕ ಫಾರ್ವರ್ಡ್‌ಗಳು ಇಬ್ಬರನ್ನೂ ಕಲಸಿಬಿಡುತ್ತವೆ. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ಈ ಸಂಸ್ಕೃತ ವಿದ್ವಾಂಸರಿಗೆ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವಿತ್ತು, ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. 1934ರಲ್ಲಿ ಅವರು ಊರಾಚೆ ಪ್ರಯಾಣ ಹೊರಡಬೇಕಾಯಿತು. ಅಲ್ಲಿಯವರೆಗೆ ಅಕ್ಕನ ಜೊತೆಗಿರಲಿ ಎಂದು 15 ವರ್ಷದ ಸುಂದರರಾಜನನ್ನು ಮೈಸೂರಿಗೆ ಕರೆಸಿಕೊಂಡರು. ಗಮನಿಸಿ, ಯೋಗ ಕಲಿಸಲಿಕ್ಕೆ ಕರೆಸಿದ್ದಲ್ಲ, ಮನೆಗೊಂದು ಗಂಡು ದಿಕ್ಕು ಇರಲಿ ಎಂದು. ಭಾವ ಮರಳಿದ ಮೇಲೆ ಹುಡುಗ ವಾಪಸ್ ಹೊರಡಬೇಕಿತ್ತು, ಆದರೆ ಆಸನ ಮಾಡಿದರೆ ಮೈ ಸ್ವಲ್ಪ ಸುಧಾರಿಸೀತು ಎಂಬ ಮಾತಿಗೆ ಉಳಿದುಕೊಂಡ.

ಉಳಿದುಕೊಂಡವನಿಗೆ ಕಲಿಸಿದ್ದೇನೂ ಹೆಚ್ಚಿಲ್ಲ. ಮುಂದಕ್ಕೆ ಬಾಗಿದರೆ ಬೆರಳು ಮೊಣಕಾಲ ಬಳಿಯೇ ನಿಲ್ಲುತ್ತಿದ್ದ ಹುಡುಗ. ಇಂಥ ರೋಗಿಷ್ಠ, ಬಿರುಸು ಮೈಯವನಿಗೆ ಯೋಗ ಒಲಿಯುವುದಿಲ್ಲ ಎಂಬುದು ಭಾವನ ಲೆಕ್ಕಾಚಾರವಾಗಿತ್ತು. ಗಿಡಕ್ಕೆ ನೀರು ಹಾಕುವುದು, ಮನೆಯ ಸಣ್ಣಪುಟ್ಟ ಕೆಲಸ, ಇವೇ ಪಾಲಿಗೆ ಬಂದವು. ಜೊತೆಗೆ ಮನೆಯಲ್ಲಿ ಭಾವ ಎಂದರೆ ಭಯ. ಅವರ ಸಿಟ್ಟಿನ ಬಗ್ಗೆ ಶಿಷ್ಯರೇ ಹೇಳಿಕೊಂಡಿದ್ದಾರೆ.

ಆಗ ಮೈಸೂರಿನಲ್ಲಿ ವೈಎಂಸಿಎ ಸಂಸ್ಥೆಯ ಅಂತರರಾಷ್ಟ್ರೀಯ ಸಮಾವೇಶಕ್ಕೆ ಯೋಗ ಪ್ರದರ್ಶನ ಏರ್ಪಾಡಾಯಿತು. ಅದಕ್ಕೆ ಸ್ವಲ್ಪ ಮೊದಲು ಭಾವನ ಮೆಚ್ಚಿನ ಶಿಷ್ಯನೊಬ್ಬ ಯಾರಿಗೂ ಹೇಳದೆ ಮನೆ ಬಿಟ್ಟು ಹೋದ. ಬೇರೆ ದಾರಿಯಿಲ್ಲದೆ ಈ ಹುಡುಗನ ಕಡೆ ಕಣ್ಣು ಹೊರಳಿತು. ಕೆಲವೇ ದಿನಗಳಲ್ಲಿ ಹತ್ತಾರು ಆಸನ ಕಲಿಯಬೇಕಾಯಿತು. ಪ್ರದರ್ಶನ ಚೆನ್ನಾಗಿಯೇ ಆಯಿತು, ಎಲ್ಲರಿಗಿಂತ ಹೆಚ್ಚು ಅಚ್ಚರಿಪಟ್ಟವರು ಭಾವನೇ.

ಇಲ್ಲಿ ಸ್ವಲ್ಪ ನಿಲ್ಲೋಣ. ಬಿರುಸು ಮೈ ಬಗ್ಗುವುದಿಲ್ಲ ಎಂಬ ಮಾತನ್ನು ವಿಜ್ಞಾನ ಏನೆನ್ನುತ್ತದೆ? ಮೈಯ ಬಾಗುವಿಕೆಯಲ್ಲಿ ಹುಟ್ಟಿನಿಂದ ಬಂದ ಪಾಲು ಇದೆ, ಕೀಲಿನ ಆಕಾರ ಎಲ್ಲರದ್ದೂ ಒಂದೇ ಅಲ್ಲ. ಆದರೆ ಮುಂದಕ್ಕೆ ಬಾಗಿದಾಗ ತೊಡೆಯ ಹಿಂದೆ ಚುರ್ ಎನ್ನುವುದಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ನರಮಂಡಲದ್ದು. ಅಪರಿಚಿತ ಸ್ಥಿತಿಗೆ ಹೋದಾಗ ಮಿದುಳು ಬೇಗ ಅಪಾಯದ ಗಂಟೆ ಬಾರಿಸಿ ಸ್ನಾಯುವನ್ನು ಬಿಗಿಯಾಗಿಸುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಎಳೆದರೆ ಗಂಟೆ ತಡವಾಗಿ ಬಾರಿಸತೊಡಗುತ್ತದೆ. ವಾರಗಳಲ್ಲಿ ಕಾಣುವ ಸುಧಾರಣೆಗೆ ಮುಖ್ಯ ಕಾರಣ ಇದೇ. ಸ್ನಾಯುವಿನ ರಚನೆ ಬದಲಾಗಲು ತಿಂಗಳುಗಳು ಬೇಕು.

ಹಾಗೆಂದು ಅರಮನೆಯ ಯೋಗಶಾಲೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಅನುಸರಿಸಬೇಡಿ. ಒಮ್ಮೆ ಭಾವ ಹನುಮಾನಾಸನ ಮಾಡಿ ತೋರಿಸು ಎಂದು ಅಪ್ಪಣೆ ಮಾಡಿದರು. ಒಂದು ಕಾಲು ಪೂರ್ತಿ ಮುಂದೆ, ಇನ್ನೊಂದು ಪೂರ್ತಿ ಹಿಂದೆ ಚಾಚಿ ನೆಲಕ್ಕೆ ಕೂರುವ ಆಸನ ಅದು. ಅಭ್ಯಾಸವೇ ಇಲ್ಲದ ಹುಡುಗ ಹೆದರಿ ಮಾಡಿಬಿಟ್ಟ, ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಆ ನೋವು ಬಹುಕಾಲ ಬಿಡಲಿಲ್ಲ. ಫಾರ್ವರ್ಡ್‌ಗಳಲ್ಲಿ ಇದನ್ನು ಗುರುಭಕ್ತಿ ಎಂದು ಮೆಚ್ಚುವವರಿದ್ದಾರೆ. ನಾವು ಇದನ್ನು ಗಾಯ ಎಂದೇ ಕರೆಯುತ್ತೇವೆ.

ಇನ್ನು ನಮ್ಮ ಬೆಳಗಾವಿ ಭಾಗಕ್ಕೆ ಬರೋಣ. ಅಯ್ಯಂಗಾರ್ ಎಂದರೆ ಪುಣೆ ಎಂದು ಎಲ್ಲರಿಗೂ ಗೊತ್ತು. ಅವರನ್ನು ಪುಣೆಗೆ ಕಳಿಸಿದ ದಾರಿ ಹಾದುಹೋದದ್ದು ನಮ್ಮ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಮೂಲಕ ಎಂಬುದು ಅಷ್ಟಾಗಿ ಗೊತ್ತಿಲ್ಲ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರನ್ನು ಕಟ್ಟಿಕೊಂಡು ಉತ್ತರ ಕರ್ನಾಟಕದಲ್ಲಿ ಪ್ರವಾಸ ಮಾಡಿದರು. ಆಗಿನ್ನೂ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು, ರಾಮದುರ್ಗ ಬೇರೆಯೇ ಸಂಸ್ಥಾನ. ಧಾರವಾಡದಲ್ಲಿ ಕೆಲವು ಹೆಂಗಸರು ತಮಗೂ ಆಸನ ಕಲಿಸಬೇಕೆಂದು ಕೇಳಿದರು. ಹೆಂಗಸರಿಗೆ ಕಲಿಸಲು ಯಾರನ್ನು ಕಳಿಸುವುದು? ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನು ಸುಂದರರಾಜ, ಇನ್ನೂ ಹುಡುಗ, ಅವನು ಹೋದರೆ ಯಾರೂ ಏನೂ ಅನ್ನುವುದಿಲ್ಲ ಎಂದು ಅವನನ್ನೇ ಕಳಿಸಿದರು. ಮುಂದೆ ಲಕ್ಷಾಂತರ ಜನರಿಗೆ ದಾರಿಯಾದ ಮೇಷ್ಟ್ರ ಮೊದಲ ತರಗತಿಗಳಲ್ಲಿ ಕೂತವರು ಧಾರವಾಡದ ಹೆಣ್ಣುಮಕ್ಕಳು. 1936ರಲ್ಲಿ ಅವರು ತಂತಮ್ಮ ಮನೆಗಳಲ್ಲಿ ಏನೇನು ಕೇಳಿಸಿಕೊಂಡಿದ್ದಾರೋ!

ಬೆಳಗಾವಿಯಲ್ಲಿ ಆಗ ಸಿವಿಲ್ ಸರ್ಜನ್ ಆಗಿದ್ದವರು ಡಾ. ವಿ.ಬಿ. ಗೋಖಲೆ. ಪ್ರದರ್ಶನ ನೋಡಿದ ಅವರಿಗೆ ಈ ಬಡಕಲು ಹುಡುಗನ ಮೈಮೇಲಿನ ಹಿಡಿತ ಹಿಡಿಸಿತು. ನಿವೃತ್ತಿಯಾಗಿ ಪುಣೆಗೆ ಹೋದ ಮೇಲೂ ಅವರು ಮರೆಯಲಿಲ್ಲ. ಅಲ್ಲಿನ ಡೆಕ್ಕನ್ ಜಿಮ್ಖಾನಾಗೆ ಒಬ್ಬ ಯೋಗ ಶಿಕ್ಷಕ ಬೇಕು ಎಂದು ಅವರು ಒತ್ತಾಯಿಸಿದ್ದರಿಂದ 1937ರಲ್ಲಿ ಅಯ್ಯಂಗಾರ್ ಆರು ತಿಂಗಳ ಮಟ್ಟಿಗೆ ಪುಣೆಗೆ ಹೋದರು. ಡಾಕ್ಟರು ಮೈಯೊಳಗಿನ ಅಂಗಗಳ ಬಗ್ಗೆ ಭಾಷಣ ಮಾಡುವುದು, ಪಕ್ಕದಲ್ಲಿ ಇವರು ಆಸನ ಮಾಡಿ ತೋರಿಸುವುದು. ಒಬ್ಬ ಸರ್ಕಾರಿ ಆಸ್ಪತ್ರೆಯ ವೈದ್ಯ ಮತ್ತು ಒಬ್ಬ ಯೋಗ ಕಲಿಯುವ ಹುಡುಗ ಹೀಗೆ ಜೋಡಿಯಾದದ್ದು ನಮಗಂತೂ ಈ ಇಡೀ ಕಥೆಯ ಅತ್ಯುತ್ತಮ ಭಾಗ. ಯೋಗ ಮತ್ತು ಆಧುನಿಕ ವೈದ್ಯವನ್ನು ಜಗಳಕ್ಕೆ ಹಚ್ಚುವ ಮೆಸೇಜುಗಳಲ್ಲಿ ಡಾ. ಗೋಖಲೆಯವರ ಹೆಸರು ಬರುವುದೇ ಇಲ್ಲ.

ಪುಣೆಯಲ್ಲಿ ಅಯ್ಯಂಗಾರ್ ಅವರಿಗೆ 18 ವರ್ಷ. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಮೆಟ್ರಿಕ್ ಪರೀಕ್ಷೆಯಲ್ಲಿ ನಪಾಸಾಗಿದ್ದದ್ದೇ ಇಂಗ್ಲಿಷಿನಲ್ಲಿ. ಕಲಿಯಲು ಬರುವ ಕಾಲೇಜು ಹುಡುಗರೋ ವಯಸ್ಸಿನಲ್ಲಿ ದೊಡ್ಡವರು, ಮೈಕಟ್ಟಿನಲ್ಲೂ ಗಟ್ಟಿಗರು. ಜುಟ್ಟು ಬಿಟ್ಟ ಸಣಕಲು ಮೇಷ್ಟ್ರನ್ನು ನೋಡಿ ನಗುವವರಿಗೆ ಕೊರತೆಯಿರಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ: ದಿನಕ್ಕೆ ಅನೇಕ ಗಂಟೆ ಅಭ್ಯಾಸ. ಹೇಳಿಕೊಡಲು ಗುರು ಹತ್ತಿರವಿಲ್ಲ, ಆದ್ದರಿಂದ ತಪ್ಪು ಮಾಡಿ, ನೋವು ತಿಂದು, ತಿದ್ದಿಕೊಂಡು ಕಲಿಯಬೇಕಾಯಿತು. ಆರು ತಿಂಗಳ ಕೆಲಸ ಕೆಲವು ವರ್ಷ ಮುಂದುವರಿದು ಕೊನೆಗೆ ನಿಂತಿತು. ಆಮೇಲಿನ ದಿನಗಳಲ್ಲಿ ಊಟಕ್ಕೇ ತತ್ವಾರ, ಕೆಲವು ದಿನ ಚಹಾದಲ್ಲೇ ಕಳೆಯುತ್ತಿತ್ತು.

1943ರಲ್ಲಿ ರಮಾಮಣಿಯವರೊಡನೆ ಮದುವೆಯಾಯಿತು. ಆಕೆಗೆ ಯೋಗದ ಗಂಧಗಾಳಿ ಇರಲಿಲ್ಲ. ಬಂದಮೇಲೆ ಗಂಡನಿಂದಲೇ ಕಲಿತರು, ಮುಂದೆ ಅವರ ಅಭ್ಯಾಸದಲ್ಲಿ ನೆರವಾದರು. ವ್ಯಾಯಾಮ ಶುರುಮಾಡಿದವರು ಅದನ್ನು ಬಿಡದೆ ಮುಂದುವರಿಸುತ್ತಾರೋ ಇಲ್ಲವೋ ಎಂಬುದರಲ್ಲಿ ಮನೆಯವರ ಬೆಂಬಲಕ್ಕೆ ಪಾತ್ರವಿದೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅಯ್ಯಂಗಾರ್ ಅವರಿಗೆ ಅದು ಸಿಕ್ಕಿದ್ದು 24ನೇ ವಯಸ್ಸಿಗೆ. 1973ರಲ್ಲಿ ರಮಾಮಣಿ ತೀರಿಕೊಂಡರು, 1975ರಲ್ಲಿ ಪುಣೆಯಲ್ಲಿ ತೆರೆದ ಯೋಗ ಸಂಸ್ಥೆಗೆ ಅವರ ಹೆಸರೇ ಇದೆ.

ಆಮೇಲಿನದು ಬಹಳ ಜನಕ್ಕೆ ಗೊತ್ತಿರುವ ಭಾಗ, ಬೇಗ ಹೇಳಿಬಿಡೋಣ. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬೈಯಲ್ಲಿ ಐದು ನಿಮಿಷ ಭೇಟಿಗೆ ಸಮಯ ಕೊಟ್ಟವರು ಮೂರು ಗಂಟೆಗೂ ಹೆಚ್ಚು ಬಿಡಲಿಲ್ಲ. 1954ರಲ್ಲಿ ಯುರೋಪಿಗೆ ಕರೆಸಿಕೊಂಡರು. 1950ರ ದಶಕದ ಕೊನೆಗೆ 80 ದಾಟಿದ ಬೆಲ್ಜಿಯಂನ ರಾಣಿ ಎಲಿಜಬೆತ್ ಇವರ ಕೈಯಾಸರೆಯಲ್ಲಿ ಶೀರ್ಷಾಸನ ಮಾಡಿದರು. 1966ರಲ್ಲಿ ಬಂದ ಲೈಟ್ ಆನ್ ಯೋಗ ಪುಸ್ತಕ ಹಲವಾರು ಭಾಷೆಗಳಿಗೆ ಹೋಯಿತು. ಪದ್ಮಶ್ರೀ, ಪದ್ಮಭೂಷಣ, ಕೊನೆಗೆ 2014ರಲ್ಲಿ ಪದ್ಮವಿಭೂಷಣ.

ರಾಣಿಯ ಕಥೆ ಓದಿ ಅಜ್ಜಿಯನ್ನು ಗೋಡೆಗೆ ತಲೆಕೆಳಗೆ ನಿಲ್ಲಿಸಲು ಹೋಗಬೇಡಿ. ಬಿಪಿ ಹೆಚ್ಚಿರುವವರು, ಕಣ್ಣಿನ ಒತ್ತಡದ ಗ್ಲಾಕೋಮಾ ಇರುವವರು, ಕುತ್ತಿಗೆ ಸವೆತ ಅಥವಾ ಮೂಳೆ ಟೊಳ್ಳಾಗುವ ತೊಂದರೆ ಇರುವವರು ಶೀರ್ಷಾಸನ ಮಾಡಬಾರದು. ಆದರೆ ವಯಸ್ಸಾದ ಮೇಲೆ ವ್ಯಾಯಾಮ ದಂಡ ಎಂಬ ಮನೆಮಾತು ಮಾತ್ರ ಖಂಡಿತ ಸುಳ್ಳು. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮದ 90ರ ಆಸುಪಾಸಿನ 10 ಜನರಿಗೆ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರ ಎತ್ತುವ ತರಬೇತಿ ಕೊಟ್ಟು ನೋಡಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಚಿಕ್ಕ ಪ್ರಯೋಗ, ಹೌದು. ಆದರೆ ಮುದಿ ಸ್ನಾಯು ಕಲಿಯುವುದಿಲ್ಲ ಎಂಬ ನಂಬಿಕೆಯನ್ನು ಅದು ಅಲ್ಲಾಡಿಸಿತು, ನಂತರದ ಅನೇಕ ಅಧ್ಯಯನಗಳು ಅದೇ ದಿಕ್ಕಿನಲ್ಲಿವೆ.

ಹೊಲದ ಕೆಲಸವೇ ವ್ಯಾಯಾಮವಲ್ಲವೇ ಎಂಬ ಅತ್ತೆಯ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬೇಕು, ಏಕೆಂದರೆ ಅದು ಅರ್ಧ ಸರಿಯಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆನ್ನುತ್ತದೆ, ಅದರಲ್ಲಿ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ದಿನವೂ ಕಳೆ ಕೀಳುವವಳಿಗೆ ಆ 150 ನಿಮಿಷ ಯಾವಾಗಲೋ ಮುಗಿದಿರುತ್ತದೆ. ಆದರೆ ದಿನಗಟ್ಟಲೆ ಒಂದೇ ಭಂಗಿಯಲ್ಲಿ ಬಗ್ಗಿರುವುದರಿಂದ ಸೊಂಟ ದಣಿಯುತ್ತದೆ, ಬೆನ್ನು ಹಿಂದಕ್ಕೆ ಬಾಗುವುದೇ ಮರೆತುಹೋಗುತ್ತದೆ. ಮಗ್ಗದ ಮುಂದೆ ಅಥವಾ ಅಂಗಡಿಯ ಗಲ್ಲದ ಮೇಲೆ ಕೂತವರಿಗಂತೂ ಆ ಅರ್ಧವೂ ಸಿಗುವುದಿಲ್ಲ. 65 ದಾಟಿದವರಿಗೆ ಬೀಳದಂತೆ ತಡೆಯುವ ಸಮತೋಲನದ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಬೇಕು ಎಂಬ ಸಲಹೆಯೂ ಇದೆ. ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದೂ ಅದರಲ್ಲಿ ಸೇರುತ್ತದೆ.

ಕುರ್ಚಿ ಎಂದಾಗ ನೆನಪಾಯಿತು. ಅಯ್ಯಂಗಾರ್ ಪದ್ಧತಿಯ ತರಗತಿಗೆ ಹೋದರೆ ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಮಡಿಸಿದ ಕಂಬಳಿ ಕಾಣುತ್ತವೆ. ಬೆರಳು ನೆಲಕ್ಕೆ ಮುಟ್ಟದಿದ್ದರೆ ನೆಲವನ್ನೇ ಮೇಲಕ್ಕೆ ತರುವ ಉಪಾಯ ಅದು. ಒಂದು ಕಾಲಕ್ಕೆ ತನ್ನ ಬೆರಳೇ ಮೊಣಕಾಲಿಗೆ ನಿಂತುಬಿಡುತ್ತಿದ್ದ ಮನುಷ್ಯನಿಗೆ ಮಾತ್ರ ಹೊಳೆಯಬಹುದಾದ ಉಪಾಯ. 1979ರಲ್ಲಿ ಅವರಿಗೆ ಸ್ವತಃ ಇವೆಲ್ಲ ಬೇಕಾದವು. ಆ ವರ್ಷ ಎರಡು ಬಾರಿ ಸ್ಕೂಟರ್ ಅಪಘಾತವಾಗಿ ಬೆನ್ನು, ಭುಜ, ಮೊಣಕಾಲಿಗೆ ಪೆಟ್ಟಾಯಿತು. 60 ದಾಟಿದ ಮೇಲೆ ಹೊಸಬರಂತೆ ಮೊದಲಿಂದ ಶುರುಮಾಡಿ, ವರ್ಷಗಳ ನಂತರ ಹಳೆಯ ಆಸನಗಳಿಗೆ ಮರಳಿದರು.

ಅವರನ್ನು ದೇವರ ಪೀಠದಲ್ಲಿ ಕೂರಿಸುವ ಫಾರ್ವರ್ಡ್‌ಗಳು ಇನ್ನೊಂದು ವಿಷಯ ಹೇಳುವುದಿಲ್ಲ. ಭಾವನ ಬಿರುಸಿನಲ್ಲಿ ಬೆಳೆದ ಅಯ್ಯಂಗಾರ್ ತಾವೂ ತರಗತಿಯಲ್ಲಿ ಬಿರುಸಾಗಿದ್ದರು. ಗದರುವುದು, ಆಸನ ತಪ್ಪಿದವರಿಗೆ ಬೆನ್ನ ಮೇಲೋ ತೊಡೆಯ ಮೇಲೋ ಏಟು ಹಾಕುವುದು ಜನಜನಿತವಾಗಿತ್ತು. ಕೆಲವು ಶಿಷ್ಯರು ಅದನ್ನು ಪ್ರೀತಿ ಎಂದು ತೆಗೆದುಕೊಂಡರು, ಕೆಲವರು ಬಿಟ್ಟುಹೋದರು. ಹಂಗಿಸಿದರೆ ಛಲ ಬರುತ್ತದೆ ಎಂಬ ಹಳೆಯ ಮಾತಿಗೆ ಅವರ ಬದುಕನ್ನೇ ಉದಾಹರಣೆ ಕೊಡುವವರಿದ್ದಾರೆ. ಹಂಗಿಸಿಕೊಂಡು ಮೂಲೆ ಸೇರಿದವರ ಜೀವನಚರಿತ್ರೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಆ ಲೆಕ್ಕ ನಂಬುವಂಥದ್ದಲ್ಲ.

ಇನ್ನು ಬಾಕಿ ಇರುವುದು ಕ್ಷಯದ ಮಾತು. ಅಯ್ಯಂಗಾರ್ ಅವರಿಗೆ ಹುಡುಗನಾಗಿದ್ದಾಗ ಕ್ಷಯವಿತ್ತು, ಯೋಗ ಶುರುಮಾಡಿದ ಮೇಲೆ ಅವರ ಆರೋಗ್ಯ ಸುಧಾರಿಸಿತು. ಇಷ್ಟು ಸರಿ. ಯೋಗದಿಂದಲೇ ಕ್ಷಯ ಹೋಯಿತು ಎಂಬ ತೀರ್ಮಾನ ಸರಿಯಲ್ಲ. ಆ ಕಾಲದಲ್ಲಿ ಕ್ಷಯಕ್ಕೆ ಮದ್ದೇ ಇರಲಿಲ್ಲ, ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಔಷಧವಿಲ್ಲದ ಆ ದಿನಗಳಲ್ಲೂ ಒಂದಷ್ಟು ರೋಗಿಗಳು ತಮ್ಮ ರೋಗನಿರೋಧಕ ಶಕ್ತಿಯಿಂದ ಉಳಿದುಕೊಳ್ಳುತ್ತಿದ್ದರು. ಕಫದಲ್ಲಿ ರೋಗಾಣು ಕಾಣುವಷ್ಟು ಬಲಿತ ಶ್ವಾಸಕೋಶದ ಕ್ಷಯವಿದ್ದು ಚಿಕಿತ್ಸೆ ಇಲ್ಲದವರಲ್ಲಿ ಸುಮಾರು 70% ಜನ 10 ವರ್ಷದೊಳಗೆ ಸಾಯುತ್ತಿದ್ದರು ಎಂಬುದು ಹಳೆಯ ದಾಖಲೆಗಳಿಂದ ತೆಗೆದ ಅಂದಾಜು. ಬದುಕುಳಿದವರು ಕಥೆ ಹೇಳಿದರು, ಉಳಿದವರದ್ದು ಕೇಳಿಸಲಿಲ್ಲ.

ಇವತ್ತು ಪರಿಸ್ಥಿತಿ ಬೇರೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಮಾತ್ರೆಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಕೋರ್ಸು. ಎರಡು ತಿಂಗಳಿಗೇ ಹುಷಾರಾದಂತೆ ಅನ್ನಿಸುತ್ತದೆ, ಆಗ ಮಾತ್ರೆ ಬಿಟ್ಟು ಪ್ರಾಣಾಯಾಮಕ್ಕೆ ಕೂತರೆ ರೋಗಾಣು ಔಷಧಕ್ಕೆ ಬಗ್ಗದಂತೆ ಬಲಿತು ಮರಳುತ್ತದೆ, ಮನೆಯ ಮಕ್ಕಳಿಗೂ ಅದೇ ಬಲಿತ ರೋಗಾಣು ತಗುಲುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಲೇ, ಜ್ವರ ಇಳಿದ ಮೇಲೆ ವೈದ್ಯರನ್ನು ಕೇಳಿ ಹಗುರವಾದ ನಡಿಗೆ, ಆಸನ ಶುರುಮಾಡಬಹುದು. ಯೋಗದಿಂದ ಕ್ಷಯ ಗುಣವಾಯಿತು ಎಂಬ ಮೆಸೇಜು ನಿಮ್ಮ ಗ್ರೂಪಿಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ಕಾಯಿಲೆಯೇ ಸುಳಿಯಲಿಲ್ಲ ಎಂಬುದೂ ಹಾಗೆಯೇ. ಅಯ್ಯಂಗಾರ್ 90ರ ನಂತರವೂ ದಿನವೂ ಅಭ್ಯಾಸ ಮಾಡುತ್ತಿದ್ದರು, ಶೀರ್ಷಾಸನದಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದರು. ಕೊನೆಗೆ ಹೃದಯ ಮತ್ತು ಮೂತ್ರಪಿಂಡದ ತೊಂದರೆಯಿಂದ ಪುಣೆಯ ಆಸ್ಪತ್ರೆ ಸೇರಿ, 2014ರ ಆಗಸ್ಟ್ 20ರಂದು ತೀರಿಕೊಂಡರು. ಆಗ 95 ವರ್ಷ. ಅವರು ಹೋಗಿ ದಶಕ ಕಳೆದಿದೆ.

ಬೆಳ್ಳೂರಿನಲ್ಲಿ ಈಗ ಅವರ ತಂದೆತಾಯಿಯರ ಹೆಸರಿನ ಟ್ರಸ್ಟ್ ಇದೆ. ಅದು ಅಲ್ಲಿ ಪತಂಜಲಿಯ ಗುಡಿ ಕಟ್ಟಿಸಿದೆ, ಶಾಲೆ ನಡೆಸುತ್ತದೆ. ಅದರ ಜೊತೆಗೆ ಒಂದು ಆಸ್ಪತ್ರೆಯನ್ನೂ ಕಟ್ಟಿಸಿದೆ.